ಬೆನ್ನ ಮೇಲಿನ ನಂಬರ್ ಯಾವಾಗಲೂ ಆಟಕ್ಕಿಂತ ಹಿಂದೆಯೇ

ಪ್ರಿಯ ಓದುಗರೇ,

ನಿಮ್ಮ ಪತ್ರ ಓದಿ ನಿಜಕ್ಕೂ ಖುಷಿಯಾಯಿತು. ಫುಟ್‌ಬಾಲ್ ಬಗ್ಗೆ ನಮಗೆ ಬರುವ ಪತ್ರಗಳಲ್ಲಿ ಯಾರು ಶ್ರೇಷ್ಠ ಎಂಬ ವಾದವೇ ಜಾಸ್ತಿ. ನೀವು ಬೇರೆಯದೇ ವಿಷಯ ಎತ್ತಿದ್ದೀರಿ. 1960 ಮತ್ತು 70ರ ದಶಕದ ಪಂದ್ಯಗಳ ವಿಡಿಯೊ ನೋಡುತ್ತಿದ್ದೀರಿ. ಅಲ್ಲಿ 2 ಅಂದರೆ ರೈಟ್ ಬ್ಯಾಕ್ (ಬಲಗಡೆ ಡಿಫೆಂಡರ್), 9 ಅಂದರೆ ಗೋಲು ಹೊಡೆಯುವವನು, 11 ಅಂದರೆ ಎಡ ಅಂಚಿನಲ್ಲಿ ಮುನ್ನುಗ್ಗುವ ವಿಂಗರ್. ಆಟಗಾರರ ಹೆಸರು ಗೊತ್ತಿಲ್ಲದಿದ್ದರೂ ಆಟ ಅರ್ಥವಾಗುತ್ತದೆ. ಈಗ ಲಿವರ್‌ಪೂಲ್ ತಂಡದ ರೈಟ್ ಬ್ಯಾಕ್ ವರ್ಷಗಟ್ಟಲೆ 66 ಹಾಕಿಕೊಂಡು ಆಡಿದ, ಮ್ಯಾಂಚೆಸ್ಟರ್ ಸಿಟಿಯ ಫೋಡೆನ್ 47 ಹಾಕಿಕೊಳ್ಳುತ್ತಾನೆ. ಆದರೂ ಕಾಮೆಂಟರಿಯವರು ‘ಈ ತಂಡಕ್ಕೆ ಒಳ್ಳೆಯ 6 ಬೇಕು’, ‘ಇವನು ಅಪ್ಪಟ 10’ ಅನ್ನುವುದನ್ನು ಬಿಟ್ಟಿಲ್ಲ. ಹಳೆಯ ಪದ್ಧತಿ ಅಚ್ಚುಕಟ್ಟಾಗಿತ್ತು, ಅದನ್ನು ಕೆಡಿಸಿದ್ದು ಯಾರು, ಮತ್ತೆ 1ರಿಂದ 11 ತರಬಾರದೇ ಎಂದು ಕೇಳಿದ್ದೀರಿ.

ಹಳೆಯ ಪದ್ಧತಿ ನನಗೂ ಇಷ್ಟ. ಆದರೆ ಅದು ನೀವು ಅಂದುಕೊಂಡಷ್ಟು ಅಚ್ಚುಕಟ್ಟಾಗಿ ಯಾವತ್ತೂ ಇರಲಿಲ್ಲ. ಬೆನ್ನ ಮೇಲೆ ನಂಬರ್ ಬರುವ ಹೊತ್ತಿಗೇ ಆ ನಂಬರ್ ಹೇಳುವ ಜಾಗ ಮೈದಾನದಲ್ಲಿ ಬದಲಾಗಿಹೋಗಿತ್ತು. ಸ್ವಲ್ಪ ವಿವರವಾಗಿ ಹೇಳುತ್ತೇನೆ.

1872ರಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದವು. ಆಗ ಹಿಂದೆ ನಿಲ್ಲುವವರೇ ಕಡಿಮೆ. ಇಂಗ್ಲೆಂಡ್ ಏಳೆಂಟು ಫಾರ್ವರ್ಡ್‌ಗಳನ್ನು ಇಳಿಸಿತು, ಸ್ಕಾಟ್ಲೆಂಡ್ ಆರು. ಇಷ್ಟು ಜನ ಮುಂದಿದ್ದೂ ಪಂದ್ಯ 0-0 ಆಯಿತು. ಚೆಂಡು ಕಾಲಿಗೆ ಸಿಕ್ಕವನು ಒಬ್ಬನೇ ನುಗ್ಗುವ ಆಟ ಅದು. ಪಾಸ್ ಮಾಡುವುದು ಹೆಚ್ಚಿದಂತೆ ಒಬ್ಬೊಬ್ಬರೇ ಹಿಂದೆ ಸರಿದರು. 1880ರ ದಶಕದಲ್ಲಿ 2-3-5 ಗಟ್ಟಿಯಾಗಿ ನೆಲೆಯೂರಿತು. ಕೀಪರ್ ಮುಂದೆ ಇಬ್ಬರು ಫುಲ್ ಬ್ಯಾಕ್, ನಡುವೆ ಮೂವರು ಹಾಫ್ ಬ್ಯಾಕ್, ಮುಂದೆ ಐವರು ಫಾರ್ವರ್ಡ್.

ನೀವು ಬಾಯಿಪಾಠ ಮಾಡಿಕೊಂಡಿರುವ ನಂಬರುಗಳೆಲ್ಲ ಈ 2-3-5ರವು. ಗೋಲ್‌ಕೀಪರ್‌ನಿಂದ ಶುರು ಮಾಡಿ, ಪ್ರತಿ ಸಾಲನ್ನೂ ಬಲದಿಂದ ಎಡಕ್ಕೆ ಎಣಿಸಿ. ಕೀಪರ್ 1. ಫುಲ್ ಬ್ಯಾಕ್‌ಗಳು 2, 3. ಹಾಫ್ ಬ್ಯಾಕ್‌ಗಳು 4, 5, 6. ಮುಂದಿನ ಸಾಲಿನಲ್ಲಿ ಬಲ ಅಂಚಿನವನು 7, ಅವನ ಒಳಗೆ 8, ನಡುವೆ 9, ಎಡ ಒಳಗೆ 10, ಎಡ ಅಂಚಿಗೆ 11. ಅಂದರೆ 5 ಇದ್ದದ್ದು ಮೈದಾನದ ನಟ್ಟನಡುವೆ, ಇಡೀ ತಂಡ ಸುತ್ತುತ್ತಿದ್ದದ್ದೇ ಅವನ ಸುತ್ತ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1925ರಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು. ಅಲ್ಲಿಯವರೆಗೆ ಫಾರ್ವರ್ಡ್‌ಗೆ ಪಾಸ್ ಕೊಡುವಾಗ ಅವನಿಗೂ ಗೋಲಿನ ಗೆರೆಗೂ ನಡುವೆ ಎದುರು ತಂಡದ ಮೂವರು ಇರಬೇಕಿತ್ತು. ಈಗ ಇಬ್ಬರಿದ್ದರೆ ಸಾಕು. ಗೋಲುಗಳ ಸುರಿಮಳೆ ಶುರುವಾಯಿತು. ಆರ್ಸೆನಲ್ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಅದಕ್ಕೆ ಕಂಡುಕೊಂಡ ಉಪಾಯ, ನಡುವಿನ ಹಾಫ್ ಬ್ಯಾಕನ್ನು ಇಬ್ಬರು ಫುಲ್ ಬ್ಯಾಕ್‌ಗಳ ಮಧ್ಯೆ ಎಳೆದು ನಿಲ್ಲಿಸುವುದು. ಒಳಗಿನ ಇಬ್ಬರು ಫಾರ್ವರ್ಡ್‌ಗಳೂ ಸ್ವಲ್ಪ ಕೆಳಗಿಳಿದರು. ಹಿಂದೆ ಮೂವರು, ಅವರ ಮುಂದೆ ಇಬ್ಬರು, ಮತ್ತೆ ಇಬ್ಬರು, ತುದಿಯಲ್ಲಿ ಮೂವರು. ಮೇಲಿನಿಂದ ನೋಡಿದರೆ W ಮತ್ತು M ಅಕ್ಷರಗಳಂತೆ ಕಾಣುವ ಇದೇ ಡಬ್ಲ್ಯು-ಎಂ.

ಈಗ ತಾರೀಖು ನೋಡಿ. ಇಂಗ್ಲಿಷ್ ಲೀಗ್ ಪಂದ್ಯದಲ್ಲಿ ಆರ್ಸೆನಲ್ ನಂಬರ್ ಹಾಕಿಕೊಂಡು ಆಡಿದ್ದು 1928ರ ಆಗಸ್ಟ್‌ನಲ್ಲಿ. ಅದೇ ದಿನ ಬೇರೆ ಊರಿನಲ್ಲಿ ಚೆಲ್ಸಿ ಕೂಡ ಹಾಕಿಕೊಂಡಿತು. ಲೀಗ್ ಅದನ್ನು ಕಡ್ಡಾಯ ಮಾಡಿದ್ದು 1939ರಲ್ಲಿ. ಅಷ್ಟು ಹೊತ್ತಿಗೆ ಇಂಗ್ಲೆಂಡಿನ ಬಹುತೇಕ ತಂಡಗಳು ಡಬ್ಲ್ಯು-ಎಂ ಹಿಡಿದಿದ್ದವು. ಆದರೂ ನಂಬರ್ ಹಂಚಿದ್ದು ಹಳೆಯ 2-3-5 ಲೆಕ್ಕದಲ್ಲೇ. ಹಾಗಾಗಿ 5 ಹಾಕಿಕೊಂಡವನು 2 ಮತ್ತು 3ರ ಮಧ್ಯೆ ನಿಂತ. ಅವನನ್ನು ಸೆಂಟರ್ ಹಾಫ್ ಎಂದೇ ಕರೆದರು. ಅವನು ಮಾಡುತ್ತಿದ್ದದ್ದು ಮಾತ್ರ ಪಕ್ಕಾ ಡಿಫೆಂಡರ್ ಕೆಲಸ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. 1933ರ ಎಫ್‌ಎ ಕಪ್ ಫೈನಲ್‌ನಲ್ಲಿ ಎವರ್ಟನ್ 1ರಿಂದ 11 ಹಾಕಿಕೊಂಡಿತು, ಮ್ಯಾಂಚೆಸ್ಟರ್ ಸಿಟಿ 12ರಿಂದ 22. ಸಿಟಿ ಕೀಪರ್ ಬೆನ್ನ ಮೇಲೆ 22! ಎವರ್ಟನ್ 3-0 ಗೆದ್ದಿತು. ದೊಡ್ಡ ನಂಬರ್ ಇಂದಿನವರ ಶೋಕಿ ಅಂತ ಬೈಯುವವರು ಈ ಪಂದ್ಯವನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಆಮೇಲೆ ಹಿಂದಿನ ಸಾಲಿಗೆ ನಾಲ್ಕನೆಯವನು ಬೇಕಾದ. ಆಗ ಒಂದೊಂದು ದೇಶ ಒಂದೊಂದು ದಾರಿ ಹಿಡಿಯಿತು. ನಿಮ್ಮ ಗೊಂದಲದ ಬೇರು ಇಲ್ಲಿದೆ. ಇಂಗ್ಲೆಂಡ್ 6ನ್ನು ಕೆಳಗಿಳಿಸಿ 5ರ ಪಕ್ಕ ನಿಲ್ಲಿಸಿತು. 1966ರ ವಿಶ್ವಕಪ್ ಗೆದ್ದ ತಂಡದಲ್ಲಿ ಜ್ಯಾಕ್ ಚಾರ್ಲ್ಟನ್ 5, ಬಾಬಿ ಮೂರ್ 6, ಇಬ್ಬರೂ ನಡುವಿನ ಡಿಫೆಂಡರ್‌ಗಳು. ಬ್ರೆಜಿಲ್‌ನಲ್ಲಿ 6 ಎಡ ಅಂಚಿಗೆ ಹೋಯಿತು. 2002ರ ತಂಡದ ಕಾಫು 2, ರೊಬರ್ಟೊ ಕಾರ್ಲೋಸ್ 6 ಎಂದರೆ ನಿಮಗೆ ತಕ್ಷಣ ಹೊಳೆಯುತ್ತದೆ. ಅರ್ಜೆಂಟೀನಾದಲ್ಲಿ ರೈಟ್ ಬ್ಯಾಕ್ 4. ಜನೆಟ್ಟಿ ಇಂಟರ್ ಮಿಲಾನ್‌ಗೆ ಹೋದ ಮೇಲೂ 4 ಬಿಡಲಿಲ್ಲ. ಅಲ್ಲಿ 2 ಮತ್ತು 6 ನಡುವಿನ ಡಿಫೆಂಡರ್‌ಗಳು. 5 ಮಾತ್ರ ಜಾಗ ಬಿಟ್ಟು ಕದಲಲೇ ಇಲ್ಲ. ಇವತ್ತಿಗೂ ಅರ್ಜೆಂಟೀನಾದವರಿಗೆ 5 ಅಂದರೆ ಡಿಫೆನ್ಸ್ ಮುಂದೆ ನಿಂತು ಆಟ ನಡೆಸುವವನು. 1994ರ ವಿಶ್ವಕಪ್‌ನಲ್ಲಿ ರೆಡೊಂಡೊ ಹಾಕಿಕೊಂಡದ್ದು ಅದೇ ನಂಬರ್. ಅಂದರೆ 2-3-5ರ ನಿಜವಾದ 5 ಉಳಿದದ್ದು ಅರ್ಜೆಂಟೀನಾದಲ್ಲಿ, ಇಂಗ್ಲೆಂಡಿನಲ್ಲಲ್ಲ. ನನಗೆ ಇದು ಬಹಳ ಚೆಂದ ಅನ್ನಿಸುತ್ತದೆ.

ಕಾಮೆಂಟರಿಯಲ್ಲಿ ಬರುವ ‘6’ ನಿಮ್ಮ ಹಳೆ ವಿಡಿಯೊದ ಬಾಬಿ ಮೂರ್‌ಗೆ ಯಾಕೆ ಹೊಂದುವುದಿಲ್ಲ ಎಂದು ಈಗ ತಿಳಿಯಿತಲ್ಲ. ಈಗ 6 ಅನ್ನುವುದು ಡಿಫೆನ್ಸ್ ಮುಂದಿನ ಮಿಡ್‌ಫೀಲ್ಡರ್‌ಗೆ. ಆ ಲೆಕ್ಕ ಬಂದದ್ದು ಯುರೋಪಿನ ಬೇರೆ ದೇಶಗಳ ಕಡೆಯಿಂದ. ಇಂಗ್ಲೆಂಡಿನಲ್ಲೇ ಬೆಳೆದವರಿಗೆ ಅದೇ ಕೆಲಸ ಮಾಡುವವನು ಬಹುಕಾಲ 4 ಆಗಿದ್ದ. ಅದೇ ಕೆಲಸದ ಮಿಡ್‌ಫೀಲ್ಡರ್ ಮಕೆಲೆಲೆ ಚೆಲ್ಸಿಗೆ ಬಂದು ಹಾಕಿಕೊಂಡದ್ದೂ 4.

ನಂಬರನ್ನೇ ನಂಬಿ ಕೆಟ್ಟ ಕಥೆಯೂ ಇದೆ. 1953ರ ನವೆಂಬರ್ 25, ವೆಂಬ್ಲಿ. ಇಂಗ್ಲೆಂಡ್ ವಿರುದ್ಧ ಹಂಗೆರಿ. ಹಂಗೆರಿಯ ಹಿದೆಗ್‌ಕುಟಿ ಬೆನ್ನ ಮೇಲೆ 9. ಇಂಗ್ಲೆಂಡಿನ ಸೆಂಟರ್ ಹಾಫ್ ಹ್ಯಾರಿ ಜಾನ್‌ಸ್ಟನ್ ಕೆಲಸ ಸರಳ, 5 ಹಾಕಿಕೊಂಡವನು ಎದುರಿನ 9ನ್ನು ಹಿಡಿಯಬೇಕು. ಆದರೆ ಈ 9 ಮುಂದೆ ನಿಲ್ಲಲೇ ಇಲ್ಲ. ಮಿಡ್‌ಫೀಲ್ಡ್‌ಗೆ ಇಳಿದು ಅಲ್ಲಿಂದ ಪಾಸ್ ಕೊಡುತ್ತಿದ್ದ, ಅಲ್ಲಿಂದಲೇ ಓಡಿ ಬರುತ್ತಿದ್ದ. ಜಾನ್‌ಸ್ಟನ್ ಅವನ ಹಿಂದೆ ಹೋದರೆ ಗೋಲಿನ ಮುಂದೆ ಖಾಲಿ ಜಾಗ, ಆ ಜಾಗಕ್ಕೆ ಪುಷ್ಕಾಶ್ ಮತ್ತು ಕೊಚಿಶ್ ನುಗ್ಗುತ್ತಾರೆ. ಹೋಗದೆ ನಿಂತರೆ ಹಿದೆಗ್‌ಕುಟಿಯನ್ನು ತಡೆಯುವವರೇ ಇಲ್ಲ. ಮೊದಲ ನಿಮಿಷದಲ್ಲೇ ಅವನಿಂದ ಗೋಲು. ಕೊನೆಗೆ ಹ್ಯಾಟ್ರಿಕ್. ಹಂಗೆರಿ 6, ಇಂಗ್ಲೆಂಡ್ 3. ಯುರೋಪ್ ಖಂಡದ ತಂಡವೊಂದಕ್ಕೆ ಇಂಗ್ಲೆಂಡ್ ತನ್ನ ನೆಲದಲ್ಲಿ ಸೋತದ್ದು ಅದೇ ಮೊದಲು. ಆರು ತಿಂಗಳ ನಂತರ ಬುಡಾಪೆಸ್ಟ್‌ನಲ್ಲಿ ಮತ್ತೆ ಹಂಗೆರಿಯೇ ಗೆದ್ದಿತು, 7-1. ಆ ಹಂಗೆರಿ ತಂಡದವರು ಚುರುಕಾಗಿದ್ದರು, ಚೆಂಡಿನ ಮೇಲೆ ಹಿಡಿತವಿತ್ತು, ಅದು ಬೇರೆ ಮಾತು. ಆದರೆ ಜಾನ್‌ಸ್ಟನ್ ಒಬ್ಬರನ್ನು ದೂರುವುದು ಅನ್ಯಾಯ. 9 ಅಂದರೆ ಇಲ್ಲೇ ಇರುತ್ತಾನೆ ಎಂದು ಇಡೀ ದೇಶವೇ ನಂಬಿತ್ತು.

ಸರಿಯಾಗಿ ಇದೇ ಆಟವನ್ನು 2009ರ ಮೇ 2ರಂದು ಮ್ಯಾಡ್ರಿಡ್‌ನಲ್ಲಿ ನೋಡಿದೆವು. ಬಾರ್ಸಿಲೋನಾ ಕೋಚ್ ಗಾರ್ಡಿಯೋಲಾ 9 ಹಾಕಿಕೊಂಡಿದ್ದ ಎಟೊನನ್ನು ಬಲ ಅಂಚಿಗೆ ಕಳಿಸಿದರು. 10 ಹಾಕಿಕೊಂಡಿದ್ದ ಮೆಸ್ಸಿಯನ್ನು ನಡುವೆ ನಿಲ್ಲಿಸಿ, ಕೆಳಗಿಳಿದು ಆಡು ಎಂದರು. ರಿಯಲ್ ಮ್ಯಾಡ್ರಿಡ್ ಡಿಫೆಂಡರ್‌ಗಳಿಗೆ ಜಾನ್‌ಸ್ಟನ್ ಪಟ್ಟ ಪಾಡೇ. ಬಾರ್ಸಿಲೋನಾ 6-2 ಗೆದ್ದಿತು. ಈ ಪಾತ್ರಕ್ಕೆ ‘ಫಾಲ್ಸ್ ನೈನ್’, ಅಂದರೆ ಸುಳ್ಳು 9, ಅನ್ನುತ್ತಾರೆ. ಬೆನ್ನ ಮೇಲೆ 10 ಇದ್ದವನನ್ನೂ 9 ಅಂದೇ ಕರೆದೆವು ನೋಡಿ. ನಂಬರ್ ಜೆರ್ಸಿಯಿಂದ ಕಳಚಿಕೊಂಡು ಕೆಲಸಕ್ಕೆ ಅಂಟಿಕೊಂಡಿತ್ತು.

ಇನ್ನು ಕೆಡಿಸಿದ್ದು ಯಾರು ಎಂಬ ಪ್ರಶ್ನೆ. ಒಬ್ಬರನ್ನು ತೋರಿಸಿ ಹೇಳುವುದು ಕಷ್ಟ. ವಿಶ್ವಕಪ್‌ನಲ್ಲಿ 1954ರಿಂದ ಪ್ರತಿ ಆಟಗಾರನಿಗೂ ಟೂರ್ನಿ ಮುಗಿಯುವವರೆಗೆ ಒಂದೇ ನಂಬರ್. ಅಲ್ಲಿಗೆ ಜಾಗಕ್ಕೂ ನಂಬರಿಗೂ ಇದ್ದ ಗಂಟು ಸಡಿಲವಾಯಿತು. 1958ರ ಫೈನಲ್ ಗೆದ್ದ ಬ್ರೆಜಿಲ್ ತಂಡ ನೋಡಿ. ಕೀಪರ್ ಗಿಲ್ಮಾರ್ ಬೆನ್ನ ಮೇಲೆ 3! ಬಲ ವಿಂಗರ್ ಗರಿಂಚಾ 11, ಎಡಗಡೆಯ ಜಗಾಲೊ 7, ಪೂರ್ತಿ ಅದಲು ಬದಲು. ಬ್ರೆಜಿಲ್ ನಂಬರ್ ಪಟ್ಟಿ ಕೊಡದೆ ಹೋದದ್ದರಿಂದ ಯಾರೋ ಅಧಿಕಾರಿ ತೋಚಿದಂತೆ ಹಂಚಿದರು ಎಂಬ ಮಾತು ಪ್ರಚಾರದಲ್ಲಿದೆ. ಆ ಹಂಚಿಕೆಯಲ್ಲಿ 17 ವರ್ಷದ ಪೆಲೆಗೆ ಸಿಕ್ಕಿದ್ದು 10. ಆ ನಂಬರಿಗೆ ಇವತ್ತು ಇರುವ ತೂಕ ಬಂದದ್ದು ಮುಖ್ಯವಾಗಿ ಪೆಲೆಯಿಂದ. 1974ರಲ್ಲಿ ನೆದರ್‌ಲೆಂಡ್ಸ್ ಅಕ್ಷರಮಾಲೆ ಪ್ರಕಾರ ಕೊಟ್ಟಿತು. ಫಾರ್ವರ್ಡ್ ಹೇಲ್ಸ್‌ಗೆ 1, ಕೀಪರ್ ಯೊಂಗ್‌ಬ್ಲುಡ್‌ಗೆ 8. ಕ್ರೈಫ್‌ಗೆ ಮಾತ್ರ ಅವರ ಇಷ್ಟದ 14. ಯಾರು ಎಲ್ಲಿ ಬೇಕಾದರೂ ಆಡುವ ಆ ತಂಡಕ್ಕೆ ಈ ಪದ್ಧತಿ ಒಪ್ಪುತ್ತಿತ್ತು ಬಿಡಿ. 1982ರಲ್ಲಿ ಅರ್ಜೆಂಟೀನಾ ಕೂಡ ಹಾಗೇ ಮಾಡಿತು. ಮಿಡ್‌ಫೀಲ್ಡರ್ ಆರ್ಡಿಲೆಸ್ 1 ಹಾಕಿಕೊಂಡು ಆಡಿದರು, ಮರಡೋನಾಗೆ ವಿನಾಯಿತಿ ಕೊಟ್ಟು 10 ಕೊಟ್ಟರು.

ಕ್ಲಬ್‌ಗಳಲ್ಲಿ ಮಾತ್ರ ಹಳೆಯ ರೂಢಿ ಇನ್ನೂ ಕೆಲಕಾಲ ಉಳಿದಿತ್ತು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 1993-94ರಲ್ಲಿ ಇಡೀ ಸೀಸನ್‌ಗೆ ಒಂದೇ ನಂಬರ್, ಮೇಲೆ ಹೆಸರು ಎಂದು ಮಾಡಿತು. ಅಲ್ಲಿಂದ ಮುಂದೆ ನಂಬರ್ ಆಟಗಾರನ ಸ್ವಂತ ಆಸ್ತಿಯಂತಾಯಿತು. ಇಂಟರ್ ಮಿಲಾನ್‌ನಲ್ಲಿ 9 ರೊನಾಲ್ಡೊಗೆ ಹೋದಾಗ ಸಮೊರಾನೊ 18 ತೆಗೆದುಕೊಂಡು, 1 ಮತ್ತು 8ರ ನಡುವೆ ಪುಟ್ಟದೊಂದು ಪ್ಲಸ್ ಚಿಹ್ನೆ ಅಂಟಿಸಿಕೊಂಡರು. ಅವರಿಗೆ 9 ಅಷ್ಟು ಪ್ರೀತಿ. ನಾಪೊಲಿ ಮರಡೋನಾ ಗೌರವಕ್ಕೆ 10ನ್ನೇ ಎತ್ತಿಟ್ಟಿತು. ಇದೆಲ್ಲ ಬರೀ ಜೆರ್ಸಿ ಮಾರುವ ವ್ಯಾಪಾರ ಅಂತ ನಾನು ತಳ್ಳಿಹಾಕುವುದಿಲ್ಲ. ನಂಬರ್ ಮೇಲೆ ಆಟಗಾರರಿಗಿರುವ ಪ್ರೀತಿ ನಿಜವಾದದ್ದೇ.

ಇಂದಿನ ಫಾರ್ಮೇಶನ್, ಅಂದರೆ ತಂಡ ಮೈದಾನದಲ್ಲಿ ಸಾಲಾಗಿ ನಿಲ್ಲುವ ರೀತಿ, ಅದರ ಬಗ್ಗೆಯೂ ಕೇಳಿದ್ದೀರಿ. ಟೀವಿಯಲ್ಲಿ ತೋರಿಸುವ 4-3-3, 4-2-3-1 ಎಲ್ಲ ಪಂದ್ಯ ಶುರುವಾಗುವ ಕ್ಷಣದ ಚಿತ್ರ ಅಷ್ಟೇ. ಚೆಂಡು ತಮ್ಮ ಬಳಿ ಇದ್ದಾಗ ಒಂದು ಆಕಾರ, ಕಳೆದುಕೊಂಡಾಗ ಇನ್ನೊಂದು. 2023ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಇಂಟರ್ ವಿರುದ್ಧ 1-0 ಗೆದ್ದಿತಲ್ಲ, ಆ ಪಂದ್ಯವನ್ನು ಇನ್ನೊಮ್ಮೆ ನೋಡಿ. ಚೆಂಡು ಸಿಟಿ ಬಳಿ ಇದ್ದಾಗ ಹಿಂದೆ ಮೂವರು: ಅಕಾಂಜಿ, ಡಿಯಾಸ್, ಅಕೆ. ಮುಂದೆ ಇಬ್ಬರು: ಸ್ಟೋನ್ಸ್, ರೋಡ್ರಿ. ಅವರ ಮುಂದೆ ಡಿ ಬ್ರೈನೆ, ಗುಂಡೋಗಾನ್. ತುದಿಯಲ್ಲಿ ಬರ್ನಾರ್ಡೊ ಸಿಲ್ವ, ಹಾಲಂಡ್, ಗ್ರೀಲಿಶ್. ಎಣಿಸಿ ನೋಡಿ, 3-2-2-3. ಸುಮಾರು ಚಾಪ್‌ಮನ್‌ನ ಡಬ್ಲ್ಯು-ಎಂ! ಕೀಪರ್ ಬಿಟ್ಟು ಇದೇ ಹತ್ತು ಮಂದಿಗೆ ಹಳೆಯ ಲೆಕ್ಕದಲ್ಲಿ ನಂಬರ್ ಕೊಟ್ಟರೆ ಅಕಾಂಜಿ 2, ಡಿಯಾಸ್ 5, ಅಕೆ 3, ಸ್ಟೋನ್ಸ್ 4, ರೋಡ್ರಿ 6, ಡಿ ಬ್ರೈನೆ 8, ಗುಂಡೋಗಾನ್ 10, ಸಿಲ್ವ 7, ಗ್ರೀಲಿಶ್ 11. ಹಾಲಂಡ್‌ಗೆ 9, ಅವನು ನಿಜವಾಗಿ ಹಾಕಿಕೊಂಡಿದ್ದೂ ಅದೇ.

ಅವತ್ತು ಸ್ಟೋನ್ಸ್ ಬೆನ್ನ ಮೇಲಿದ್ದದ್ದು 5. ಹೆಸರಿಗೆ ಡಿಫೆಂಡರ್, ಆಡಿದ್ದು ಮಿಡ್‌ಫೀಲ್ಡ್‌ನಲ್ಲಿ. ನೂರು ವರ್ಷದ ಹಿಂದೆ ನಡುವಿನಿಂದ ಹಿಂದಕ್ಕೆ ಎಳೆದ 5 ಅಲ್ಲಿ ತನ್ನ ಹಳೆಯ ಜಾಗದ ಹತ್ತಿರಕ್ಕೆ ವಾಪಸ್ ಬಂದಿತ್ತು. ಆದರೆ ಚಾಪ್‌ಮನ್ ಕಾಲಕ್ಕೂ ಈಗಿಗೂ ದೊಡ್ಡ ವ್ಯತ್ಯಾಸವಿದೆ, ಮರೆಯಬಾರದು. ಆಗಿನವರು ಆ ಆಕಾರದಲ್ಲೇ ಹೆಚ್ಚು ಹೊತ್ತು ಇರುತ್ತಿದ್ದರು. ಸ್ಟೋನ್ಸ್ ಚೆಂಡು ಕೈತಪ್ಪಿದ ತಕ್ಷಣ ಡಿಫೆನ್ಸ್‌ಗೆ ಓಡಬೇಕಿತ್ತು.

ಕೊನೆಯದಾಗಿ, 1ರಿಂದ 11 ಮತ್ತೆ ತರಬೇಕೇ? ಬೇಡ ಅನ್ನುತ್ತೇನೆ. ಸ್ಟೋನ್ಸ್‌ಗೆ ಯಾವ ನಂಬರ್ ಕೊಡುತ್ತೀರಿ, ನೀವೇ ಹೇಳಿ. ಚೆಂಡು ಇದ್ದಾಗಿನದೋ, ಇಲ್ಲದಾಗಿನದೋ? ಐವರು ಬದಲಿ ಆಟಗಾರರು ಬರಬಹುದು, ಒಬ್ಬೊಬ್ಬ ಬಂದಾಗಲೂ ಉಳಿದವರು ಜಾಗ ಬದಲಿಸುತ್ತಾರೆ. ಕೀಪರ್‌ಗೆ 1 ಇರಲಿ, ಆ ಜಾಗ ಎಲ್ಲೂ ಹೋಗುವುದಿಲ್ಲ. ವಿಶ್ವಕಪ್‌ನಲ್ಲಿ ಈಗ 1 ಕೀಪರ್‌ಗೇ ಮೀಸಲು, ಅದು ಸರಿಯಾದ ನಿಯಮ. ಉಳಿದ ಹತ್ತು ಮಂದಿಯ ಜಾಗ ತಿಳಿಯಲು ಮುಂದಿನ ಪಂದ್ಯದಲ್ಲಿ ಹೀಗೆ ಮಾಡಿ. ಕೀಪರ್ ಚೆಂಡು ಹಿಡಿದು ನಿಂತಾಗ ಬೆನ್ನು ನೋಡಬೇಡಿ, ಹಿಂದಿನ ಸಾಲಿನಲ್ಲಿ ಎಷ್ಟು ಜನ ಉಳಿದರು, ಅವರ ಮುಂದೆ ಎಷ್ಟು ಜನ ನಿಂತರು ಎಣಿಸಿ. ಹತ್ತು ನಿಮಿಷ ಹಾಗೆ ಎಣಿಸಿದರೆ ಫಾರ್ಮೇಶನ್ ತಾನಾಗಿ ಕಾಣುತ್ತದೆ. ಕಂಡದ್ದನ್ನು ಬರೆದು ಕಳಿಸಿ, ಖಂಡಿತ ಪ್ರಕಟಿಸುತ್ತೇವೆ.

ವಿಶ್ವಾಸದಿಂದ,
ಸಂಪಾದಕ