ನೇರ ಹಿಂದಕ್ಕೆ ಬೇಡ, ಪಕ್ಕಕ್ಕೆ ತಿರುಗಿ

ರಾಣೆಬೆನ್ನೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಡಿಗ್ರಿ ಎರಡನೇ ವರ್ಷದಲ್ಲಿದ್ದೇನೆ, ಎರಡು ವರ್ಷದಿಂದ ಬಾಕ್ಸಿಂಗ್ ಕಲಿಯುತ್ತಿದ್ದೇನೆ. ಎತ್ತರ ಇದ್ದೇನೆ, ಜಾಬ್ (ಮುಂದಿರುವ ಕೈಯಿಂದ ಕೊಡುವ ಚುರುಕಾದ ನೇರ ಏಟು) ಚೆನ್ನಾಗಿದೆ ಅಂತ ಕೋಚ್ ಹೇಳುತ್ತಾರೆ. ಆದರೆ ಹೋದ ತಿಂಗಳ ಪಂದ್ಯದಲ್ಲಿ ನನಗಿಂತ ಕುಳ್ಳಗಿನ ಹುಡುಗ ಬೆಲ್ ಆದ ಕೂಡಲೇ ಮೈಮೇಲೆ ಬಿದ್ದ. ಉಸಿರಾಡಲಿಕ್ಕೂ ಬಿಡಲಿಲ್ಲ. ಮೂರೂ ರೌಂಡ್ ಹಗ್ಗದ ಹತ್ತಿರವೇ ಕಳೆದೆ, ಸೋತೆ. ಆಮೇಲೆ ಎರಡು ದಿನ ತಲೆನೋವಿತ್ತು. ಇಂಥವನನ್ನು ಹೇಗೆ ಎದುರಿಸಬೇಕು? ಮುಹಮ್ಮದ್ ಅಲಿ ಮಾಡಿದ ಹಾಗೆ ಹಗ್ಗಕ್ಕೆ ಒರಗಿ ಅವನನ್ನೇ ಸುಸ್ತು ಮಾಡಿಸಬಹುದಾ?"

ಪ್ರಿಯ ಓದುಗರೇ,

ತಲೆನೋವಿನ ವಿಷಯ ಮೊದಲು. ಅದನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ, ನನಗೆ ಹಾಗೆ ಮುಂದೆ ಹೋಗಲು ಆಗಲಿಲ್ಲ. ತಲೆಗೆ ಏಟು ಬಿದ್ದ ಮೇಲೆ ಎರಡು ದಿನ ನೋವಿತ್ತು ಅಂದರೆ ಡಾಕ್ಟರ್ ಹತ್ತಿರ ಹೋಗಬೇಕು. ಈಗ ನೋವಿಲ್ಲದಿದ್ದರೂ ಹೋಗಿ. ಅವರು ಸರಿ ಅನ್ನುವ ತನಕ ಸ್ಪಾರಿಂಗ್, ಅಂದರೆ ಜೊತೆಗಾರನ ಎದುರು ಅಭ್ಯಾಸದ ಹೊಡೆದಾಟ, ಬೇಡ. ಕೋಚ್‌ಗೂ ಹೇಳಿ, ಮುಚ್ಚಿಡಬೇಡಿ. ಕೆಳಗೆ ಬರೆದಿರುವುದೆಲ್ಲ ಅದಾದ ಮೇಲಿನ ಮಾತು.

ಇನ್ನು ಅಲಿ. 1974ರ ಅಕ್ಟೋಬರ್ 30ರಂದು ಆಫ್ರಿಕಾದ ಕಿನ್ಶಾಸಾದಲ್ಲಿ ಆಗಿನ ಹೆವಿವೇಟ್ ಚಾಂಪಿಯನ್ ಜಾರ್ಜ್ ಫೋರ್‌ಮನ್ ಎದುರು ಅವರು ಆಡಿದ್ದನ್ನು ನೋಡಿ ನಮ್ಮಲ್ಲಿ ಎಷ್ಟು ಹುಡುಗರು ಹಗ್ಗಕ್ಕೆ ಒರಗಿ ಏಟು ತಿಂದಿದ್ದಾರೋ! ಫೋರ್‌ಮನ್‌ಗೆ ಆಗ 25 ವರ್ಷ. ಆಡಿದ 40 ಪಂದ್ಯಗಳನ್ನೂ ಗೆದ್ದಿದ್ದರು, ಅದರಲ್ಲಿ 37 ನಾಕೌಟ್. ಅಲಿಗೆ 32. ಅವರು ಹಗ್ಗಕ್ಕೆ ಒರಗಿದ್ದು ನಿಜ, ಎಂಟನೇ ರೌಂಡ್‌ನಲ್ಲಿ ಕೆಡವಿದ್ದೂ ನಿಜ. ಆದರೆ ನಡುವೆ ಏನಾಯಿತು ಅಂತ ಇನ್ನೊಂದು ಸಲ ನೋಡಿ. ಮೊದಲ ರೌಂಡ್‌ನಲ್ಲೇ ಅಲಿ ರಿಂಗಿನ ನಡುವೆ ನಿಂತು ಬಲಗೈಯಿಂದ ನೇರ ಹೊಡೆತ ಕೊಟ್ಟರು. ಹಗ್ಗದ ಮೇಲಿದ್ದಾಗಲೂ ಸುಮ್ನೆ ಇರಲಿಲ್ಲ, ಫೋರ್‌ಮನ್ ಕೈ ಸೋತ ಕ್ಷಣಕ್ಕೆ ಮುಖಕ್ಕೆ ಎರಡು ಬಿಡುತ್ತಿದ್ದರು. ಹತ್ತಿರ ಬಂದರೆ ಕುತ್ತಿಗೆ ಹಿಡಿದು ಕೆಳಗೆ ಒತ್ತುತ್ತಿದ್ದರು. ಅವರ ಮೂಲೆಯಲ್ಲಿದ್ದ ಕೋಚ್ ಆಂಜೆಲೊ ಡಂಡಿ ಅವರೇ ಹಗ್ಗ ಬಿಟ್ಟು ಬಾ ಅಂತ ಕೂಗುತ್ತಿದ್ದರು. ಅದು 15 ರೌಂಡ್‌ಗೆ ಇಟ್ಟ ಪಂದ್ಯ. ನಿಮ್ಮದು ಮೂರು ರೌಂಡ್, ಅಂದರೆ ಒಟ್ಟು ಒಂಬತ್ತು ನಿಮಿಷ. ಎದುರಾಳಿ ಸುಸ್ತಾಗುವ ಹೊತ್ತಿಗೆ ಪಂದ್ಯವೇ ಮುಗಿದಿರುತ್ತದೆ. ಹಗ್ಗಕ್ಕೆ ಒರಗಿ ಕೈ ಮುಚ್ಚಿಕೊಂಡವನು ತೀರ್ಪುಗಾರರ ಕಣ್ಣಿಗೆ ಏಟು ತಿನ್ನುತ್ತಿರುವವನ ಹಾಗೇ ಕಾಣುತ್ತಾನೆ, ಜಾಸ್ತಿ ಹೊತ್ತು ಹಾಗೇ ಇದ್ದರೆ ರೆಫ್ರಿ ಎಣಿಕೆ ಶುರು ಮಾಡುತ್ತಾರೆ. ಹಾಗಾಗಿ ಅದು ಬೇಡ.

ನಿಮ್ಮ ಪತ್ರ ಓದಿದಾಗ ನನಗೆ ನೆನಪಾಗಿದ್ದು ಸುಣ್ಣದ ಪುಡಿ. ಕಾಲೇಜಿನಲ್ಲಿ ನಾನೂ ಮೂರು ವರ್ಷ ಗ್ಲೌಸ್ ಹಾಕಿದ್ದೆ, ನನ್ನ ಕಷ್ಟವೂ ಇದೇ ಆಗಿತ್ತು. ನಮ್ಮ ಕೋಚ್ ಮಾತು ಕಮ್ಮಿ. ಒಂದು ಸಂಜೆ ಕಬಡ್ಡಿ ಅಂಕಣಕ್ಕೆ ಗೆರೆ ಎಳೆಯಲು ತಂದಿಟ್ಟಿದ್ದ ಸುಣ್ಣದ ಪುಡಿಯನ್ನು ಗೋಣಿಚೀಲದ ಮೇಲೆ ಹರಡಿ, "ತುಳಿದು ಬಾ" ಅಂದರು. ಸಿಮೆಂಟ್ ನೆಲ, ಸುತ್ತ ನಾಲ್ಕು ಕಂಬಕ್ಕೆ ಕಟ್ಟಿದ ತೆಂಗಿನ ಹಗ್ಗ. ನನಗಿಂತ ಗಟ್ಟಿಯಾದ ಒಬ್ಬನನ್ನು ಬಿಟ್ಟರು. ಅರ್ಧ ನಿಮಿಷಕ್ಕೇ ನಿಲ್ಲಿಸಿ, ಹೆಗಲು ಹಿಡಿದು ನೆಲ ತೋರಿಸಿದರು. ಪುಡಿ ಉದುರುವ ತನಕದ ಹೆಜ್ಜೆಗಳಷ್ಟೇ ಕಾಣುತ್ತಿದ್ದವು, ಅಷ್ಟೇ ಸಾಕಾಗಿತ್ತು. ನಡುವಿನಿಂದ ಹಗ್ಗದವರೆಗೆ ರೈಲು ಹಳಿಯ ಹಾಗೆ ನೆಟ್ಟಗೆ ಎರಡು ಸಾಲು. ಪಕ್ಕಕ್ಕೆ ಒಂದು ಹೆಜ್ಜೆಯೂ ಇರಲಿಲ್ಲ.

ನಿಮ್ಮ ಪಂದ್ಯ ನಾನು ನೋಡಿಲ್ಲ. ಆದರೂ ನಿಮ್ಮ ಹೆಜ್ಜೆಗಳೂ ಹೀಗೇ ಇದ್ದಿರಬೇಕು ಅಂತ ನನಗೆ ಅನಿಸುತ್ತದೆ. ಮನುಷ್ಯ ಮುಂದಕ್ಕೆ ನಡೆಯುವಷ್ಟು ಬೇಗ ಹಿಂದಕ್ಕೆ ನಡೆಯಲಾರ. ನುಗ್ಗಿ ಬರುವವನಿಗೆ ಒಂದೇ ದಾರಿ, ಆ ದಾರಿ ತುದಿಯಲ್ಲಿ ಹಗ್ಗ, ನಿಮ್ಮ ತಲೆ ಪೂರ್ತಿ ಹೊತ್ತು ಅದೇ ಗೆರೆಯ ಮೇಲೆ. ಅವನು ಗುರಿ ಇಡುವ ಕೆಲಸವೇ ಇಲ್ಲ, ಬೀಸುತ್ತಾ ಬಂದರೆ ಸಾಕು.

ಒಬ್ಬನೇ ಆಟಗಾರ, ಒಬ್ಬನೇ ಎದುರಾಳಿ, ಐದು ತಿಂಗಳಲ್ಲಿ ಎರಡು ಬೇರೆ ಫಲಿತಾಂಶ ಬಂದ ಉದಾಹರಣೆ ಇದೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. 1980ರ ಜೂನ್ 20, ಮಾಂಟ್ರಿಯಲ್. ಅಮೆರಿಕದ ಶುಗರ್ ರೇ ಲೆನಾರ್ಡ್ ಎದುರು ಪನಾಮಾದ ರಾಬರ್ಟೊ ಡುರಾನ್. ಲೆನಾರ್ಡ್‌ಗೆ ಕೈ ವೇಗ, ಕಾಲು ವೇಗ ಎರಡೂ ಇತ್ತು. ಡುರಾನ್ ನುಗ್ಗುವವರು, ಎದೆಗೆ ಎದೆ ಕೊಟ್ಟು ಹೊಡೆಯುವವರು. ಪಂದ್ಯಕ್ಕೆ ಮುಂಚೆ ಅವರು ಲೆನಾರ್ಡ್‌ಗೂ ಅವರ ಹೆಂಡತಿಗೂ ಕೆಟ್ಟ ಮಾತು ಆಡಿದ್ದರು. ಲೆನಾರ್ಡ್‌ಗೆ ಸಿಟ್ಟು ಬಂತು. ತನ್ನ ಆಟ ಬಿಟ್ಟು, ನಾನೂ ಗಂಡಸು ಅಂತ ತೋರಿಸಲು ನಿಂತಲ್ಲೇ ನಿಂತು ಹೊಡೆದಾಡಿದರು. 15 ರೌಂಡ್ ಆಯಿತು. ಮೂವರು ತೀರ್ಪುಗಾರರೂ ಡುರಾನ್‌ಗೇ ಕೊಟ್ಟರು, ಅಂತರ ಒಬ್ಬರಲ್ಲಿ ಎರಡು ಅಂಕ, ಇನ್ನಿಬ್ಬರಲ್ಲಿ ಒಂದೊಂದು.

ಅದೇ ವರ್ಷ ನವೆಂಬರ್ 25ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಮತ್ತೆ ಎದುರಾದರು. ಈ ಸಲ ಲೆನಾರ್ಡ್ ನಿಲ್ಲಲಿಲ್ಲ. ಹಾಗಂತ ಓಡಲೂ ಇಲ್ಲ. ಡುರಾನ್ ಹೆಜ್ಜೆ ಮುಂದಿಟ್ಟ ಕೂಡಲೇ ಜಾಬ್, ತಕ್ಷಣ ಪಕ್ಕಕ್ಕೆ ತಿರುಗುವುದು. ಡುರಾನ್ ತಿರುಗಿ ಎದುರಾಗುವಷ್ಟರಲ್ಲಿ ಇನ್ನೊಂದು ಏಟು. ಏಳನೇ ರೌಂಡ್‌ನಲ್ಲಿ ಬಲಗೈಯನ್ನು ಗಿರಗಿರ ತಿರುಗಿಸಿ, ಡುರಾನ್ ಆ ಕೈ ನೋಡುತ್ತಿರುವಾಗ ಎಡಗೈಯಿಂದ ಮುಖಕ್ಕೆ ಜಾಬ್ ಕೊಟ್ಟರು. ಎಂಟನೇ ರೌಂಡ್‌ನಲ್ಲಿ ಡುರಾನ್ ಕೈ ಬೀಸಿ, ಆಡಲ್ಲ ಅಂತ ಬೆನ್ನು ತಿರುಗಿಸಿದರು. ಪಂದ್ಯಕ್ಕೆ ಮುಂಚೆ ಡುರಾನ್ ಅವಸರದಲ್ಲಿ ತುಂಬಾ ತೂಕ ಇಳಿಸಬೇಕಾಗಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೂ ನುಗ್ಗುವವನಿಗೆ ಹೊಡೆಯಲು ಆಳು ಸಿಗದಿದ್ದರೆ ಏನಾಗುತ್ತದೆ ಅನ್ನುವುದು ಅಲ್ಲಿ ಕಣ್ಣಿಗೆ ಕಟ್ಟಿದ ಹಾಗಿದೆ. ಲೆನಾರ್ಡ್ ಮೂಲೆಯಲ್ಲಿದ್ದವರು ಯಾರು ಗೊತ್ತಾ? ಅದೇ ಡಂಡಿ.

ನುಗ್ಗುವವನ ಬಲ ಅವನ ಕೈಯಲ್ಲಿ ಇದೆ ಅಂದುಕೊಳ್ಳುತ್ತೇವೆ. ನನ್ನ ಪ್ರಕಾರ ಅದು ಇರುವುದು ಕಾಲಲ್ಲಿ. ಎರಡೂ ಕಾಲು ಊರಿ, ನೀವು ಸರಿಯಾಗಿ ಎದುರಿಗಿದ್ದಾಗ ಮಾತ್ರ ಅವನ ಏಟಿಗೆ ತೂಕ. ನೀವು ಅರ್ಧ ಹೆಜ್ಜೆ ಪಕ್ಕಕ್ಕೆ ಬಂದರೂ ಅವನು ಮತ್ತೆ ಕಾಲು ಹೊಂದಿಸಿಕೊಳ್ಳಬೇಕು. ಆ ಒಂದು ಕ್ಷಣ ನಿಮ್ಮದು. ಪಂದ್ಯ ಪೂರ್ತಿ ಅವನನ್ನು ಹೊಂದಿಸಿಕೊಳ್ಳುವ ಕೆಲಸದಲ್ಲೇ ಇಡಬೇಕು, ಅಷ್ಟೇ.

ನಿಮ್ಮ ಜಾಬ್ ಚೆನ್ನಾಗಿದೆ ಅಂದಿರಿ. ಆದರೆ ಯಾವಾಗ ಹೊಡೆಯುತ್ತೀರಿ? ಅವನು ಹತ್ತಿರ ಬಂದ ಮೇಲೆ, ಹೆದರಿ, ಹಿಂದಕ್ಕೆ ಹೋಗುತ್ತಾ ಹೊಡೆದರೆ ಅದು ಸೊಳ್ಳೆ ಓಡಿಸಿದ ಹಾಗೆ. ಅವನ ಮುಂಗಾಲು ನೆಲ ಬಿಟ್ಟು ಮೇಲೆದ್ದಾಗ ಹೊಡೆಯಿರಿ. ಆಗ ಅವನು ತಗ್ಗಲಾರ, ಸರಿಯಲಾರ, ತನ್ನ ತೂಕವನ್ನು ತಾನೇ ನಿಮ್ಮ ಮುಷ್ಟಿಗೆ ತಂದು ಕೊಡುತ್ತಾನೆ. ತಲೆ ಅಲ್ಲಾಡಿಸುತ್ತಾ ಬರುವವನಾದರೆ ಎದೆಗೆ, ಹೊಟ್ಟೆಯ ಮೇಲ್ಭಾಗಕ್ಕೆ ಜಾಬ್ ಹಾಕಿ. ತಲೆ ಅಲ್ಲಾಡಿದಷ್ಟು ಎದೆ ಅಲ್ಲಾಡುವುದಿಲ್ಲ. ಕೆಲವು ಸಲ ಹೊಡೆಯುವ ಹಾಗೆ ಮಾಡಿ ಹೊಡೆಯದೆ ಬಿಡಿ. ಅವನು ಒಂದು ಸಲ ಅನುಮಾನ ಪಟ್ಟು ನಿಂತರೆ ಅವನ ಓಟ ಮುರಿಯಿತು.

ಜಾಬ್ ಆದ ಮೇಲೆ ಅಲ್ಲೇ ಇರಬೇಡಿ. ಹಿಂದಕ್ಕೆ ಹೋಗಬೇಕಾದರೆ ಒಂದು, ಹೆಚ್ಚೆಂದರೆ ಎರಡು ಹೆಜ್ಜೆ. ಮೂರನೆಯದು ಪಕ್ಕಕ್ಕೇ ಇರಬೇಕು. ನೀವು ಎಡಗಾಲು ಮುಂದಿಟ್ಟು ಆಡುವವರಾದರೆ ಹೀಗೆ ಮಾಡಿ: ಅವನು ನುಗ್ಗುವಾಗ ಎಡಗೈ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಏಟು) ಹಾಕುತ್ತಾ, ಎಡಪಾದದ ಮುಂಭಾಗದ ಮೇಲೆ ತಿರುಗಿ, ಬಲಗಾಲನ್ನು ಹಿಂದಿನಿಂದ ಎಡಕ್ಕೆ ಬಳಸಿ ತನ್ನಿ. ಬಾಗಿಲು ತೆರೆದ ಹಾಗೆ ನೀವು ಸರಿಯುತ್ತೀರಿ, ಅವನು ಬಂದ ವೇಗಕ್ಕೆ ಮುಂದೆ ಹೋಗುತ್ತಾನೆ. ಹುಕ್ ಮುಗಿದ ಕೂಡಲೇ ಎಡಗೈ ಕೆನ್ನೆಗೆ ವಾಪಸ್ ಬರಲಿ, ಅವನ ಬಲಗೈ ಇರುವುದು ಆ ಕಡೆಯೇ. 2007ರ ಡಿಸೆಂಬರ್‌ನಲ್ಲಿ ಫ್ಲಾಯ್ಡ್ ಮೇವೆದರ್ ಹತ್ತನೇ ರೌಂಡ್‌ನಲ್ಲಿ ರಿಕಿ ಹ್ಯಾಟನ್‌ಗೆ ಇದನ್ನೇ ಮಾಡಿದ್ದು. ಹ್ಯಾಟನ್ ಹೋಗಿ ಮೂಲೆಯ ಕಂಬಕ್ಕೇ ಬಡಿದರು.

ನಿಮ್ಮ ಹಾವೇರಿ ಕಡೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾ? ದೀಪಾವಳಿ ಆದ ಮೇಲೆ ಹೋರಿ ಬೆದರಿಸುವುದನ್ನು ನೋಡಿರುತ್ತೀರಿ. ಕೊಬ್ಬರಿ ಹಾರ ಹಾಕಿಕೊಂಡು ನುಗ್ಗಿ ಬರುವ ಹೋರಿಯ ಮುಂದೆ ನೇರ ಓಡುವವನ ಗತಿ ಏನಾಗುತ್ತದೆ, ಪಕ್ಕಕ್ಕೆ ಸರಿದು ಹಾರಕ್ಕೆ ಕೈ ಹಾಕುವವನು ಎಲ್ಲಿ ನಿಂತಿರುತ್ತಾನೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಇಷ್ಟೆಲ್ಲ ಮಾಡಿದರೂ ಅವನು ಕೆಲವು ಸಲ ಒಳಗೆ ಬಂದೇ ಬರುತ್ತಾನೆ. ಆಗ ಗಾಬರಿಯಾಗಿ ದೂರ ತಳ್ಳಲು ಹೋಗುತ್ತೀರಿ, ಅವನು ಹೊಡೆಯುವುದೇ ಆಗ. ಕೈಗೆ ಸಿಗುವಷ್ಟು ಮಧ್ಯದ ದೂರವೇ ಅಪಾಯದ್ದು. ಒಂದೋ ಪೂರ್ತಿ ದೂರ, ಇಲ್ಲ ಪೂರ್ತಿ ಹತ್ತಿರ. ಹತ್ತಿರ ಅಂದರೆ ಹಣೆ ಅವನ ಹೆಗಲಿಗೆ ತಾಗುವಷ್ಟು, ಮೊಣಕೈ ಎರಡೂ ಪಕ್ಕೆಗೆ ಅಂಟಿರಬೇಕು, ಸಣ್ಣ ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಕೊಡುವ ಏಟು) ಎರಡು ಹೊಟ್ಟೆಗೆ, ಆಮೇಲೆ ಅವನ ತೋಳಿನ ಮೇಲೆ ಒತ್ತಿ ಪಕ್ಕಕ್ಕೆ ತಿರುಗಿ ಹೊರಗೆ. ಅಮೆಚೂರ್ ಬಾಕ್ಸಿಂಗ್‌ನಲ್ಲಿ ಪದೇ ಪದೇ ಹಿಡಿದುಕೊಂಡರೆ ರೆಫ್ರಿ ಎಚ್ಚರಿಸುತ್ತಾರೆ, ಅಂಕವೂ ಹೋಗಬಹುದು, ಅದಕ್ಕೇ ಕ್ಲಿಂಚ್, ಅಂದರೆ ಎದುರಾಳಿಯನ್ನು ಅಪ್ಪಿ ಹಿಡಿಯುವುದರ ಮೇಲೆ ಜಾಸ್ತಿ ನೆಚ್ಚಿಕೊಳ್ಳಬೇಡಿ.

ಇನ್ನೊಂದು ಮಾತು. ನುಗ್ಗುವವನಿಗೆ ಹಿಂದಕ್ಕೆ ಹೋಗುವುದು ಅಭ್ಯಾಸ ಇರುವುದಿಲ್ಲ. 1996ರ ನವೆಂಬರ್ 9ರಂದು ಲಾಸ್ ವೇಗಸ್‌ನಲ್ಲಿ ಇವಾಂಡರ್ ಹೋಲಿಫೀಲ್ಡ್ ಮೈಕ್ ಟೈಸನ್‌ಗೆ ಅದನ್ನೇ ತೋರಿಸಿದರು. ಟೈಸನ್ ಬಂದಾಗಲೆಲ್ಲ ಹೊಡೆದು, ಹಿಡಿದು, ಮೈಬಲದಿಂದ ಹಿಂದಕ್ಕೆ ನಡೆಸಿದರು. ಆರನೇ ರೌಂಡ್‌ನಲ್ಲಿ ಟೈಸನ್ ನೆಲಕ್ಕೆ ಬಿದ್ದರು, ಹನ್ನೊಂದರಲ್ಲಿ ರೆಫ್ರಿ ಪಂದ್ಯ ನಿಲ್ಲಿಸಿದರು. ಅಷ್ಟು ಮೈಬಲ ನಿಮಗೆ ಬೇಕಿಲ್ಲ. ರೌಂಡ್‌ಗೆ ಎರಡು ಮೂರು ಸಲ, ಅವನು ನಿರೀಕ್ಷೆ ಮಾಡದಿದ್ದಾಗ, ಜಾಬ್ ಜೊತೆ ನೀವೇ ಒಂದು ಹೆಜ್ಜೆ ಮುಂದಿಡಿ. ಇವನು ಬರೀ ತಪ್ಪಿಸಿಕೊಳ್ಳುವವನಲ್ಲ ಅಂತ ಅವನಿಗೂ ಗೊತ್ತಾಗಲಿ, ತೀರ್ಪುಗಾರರಿಗೂ ಗೊತ್ತಾಗಲಿ.

ಅವನು ಉಸಿರಾಡಲಿಕ್ಕೂ ಬಿಡಲಿಲ್ಲ ಅಂತ ಬರೆದಿದ್ದೀರಲ್ಲ, ಬಹುಶಃ ನೀವೇ ಉಸಿರು ಹಿಡಿದಿಟ್ಟುಕೊಂಡಿರುತ್ತೀರಿ. ಹೆದರಿಕೆಗೆ ಎಲ್ಲರಿಗೂ ಹಾಗಾಗುತ್ತದೆ. ಪ್ರತಿ ಏಟಿಗೂ, ಪ್ರತಿ ತಿರುವಿಗೂ ಬಾಯಿಂದ ಸಣ್ಣದಾಗಿ ಉಸಿರು ಬಿಡುವುದನ್ನು ಸ್ಕಿಪ್ಪಿಂಗ್ ಮಾಡುವಾಗಲೇ ರೂಢಿ ಮಾಡಿಕೊಳ್ಳಿ.

ಡಾಕ್ಟರ್ ಸರಿ ಅಂದ ಮೇಲೆ ನಿಮ್ಮ ಕೋಚ್‌ಗೆ ಕೇಳಿ ಹೀಗೆ ಅಭ್ಯಾಸ ಮಾಡಿ. ಚಿಕ್ಕ ಜಾಗ ತೆಗೆದುಕೊಳ್ಳಿ, ಎಂಟು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲ ಸಾಕು. ಮೊದಲ ವಾರ ಗೆಳೆಯ ಬರೀ ನಡೆದು ಬರಲಿ, ಹೊಡೆಯುವುದು ಬೇಡ. ನೀವೂ ಹೊಡೆಯಬೇಡಿ, ತಿರುಗುವುದಷ್ಟೇ. ಬೆನ್ನು ಹಗ್ಗಕ್ಕೆ ತಾಗಿದರೆ ಸೋತ ಹಾಗೆ. ಎರಡನೇ ವಾರ ನಿಮಗೆ ಜಾಬ್ ಮಾತ್ರ. ಮೂರನೇ ವಾರದಿಂದ ಅವನೂ ಮೆಲ್ಲಗೆ ಹೊಡೆಯಲಿ, ತಲೆಗಲ್ಲ, ಮೈಗೆ. ಬೇಜಾರಾಗುತ್ತದೆ, ಆದರೂ ಬಿಡಬೇಡಿ. ಕಾಲಿಗೆ ಕಲಿಸುವುದಕ್ಕೆ ಹೊತ್ತು ಬೇಕು.

ಸುಣ್ಣದ ಪುಡಿ ಸಿಕ್ಕರೆ ಒಂದು ಸಂಜೆ ನೀವೂ ತುಳಿದು ನೋಡಿ. ಈಗ ಒಂದು ಸಲ, ತಿಂಗಳಾದ ಮೇಲೆ ಒಂದು ಸಲ. ಎರಡೂ ಸಲ ನೆಲದ ಫೋಟೊ ತೆಗೆದು ನನಗೆ ಕಳಿಸಿ, ನೋಡಬೇಕು ಅಂತ ಆಸೆ ಇದೆ.

ವಿಶ್ವಾಸದಿಂದ,
ಸಂಪಾದಕ