ಎರಡು ಇಂಚು ಲಿಫ್ಟ್ ಮಾಡಿದ ವಿ-ಕ್ರಾಸ್‌ಗೆ ಎಷ್ಟು ಆಫ್‌ಸೆಟ್‌ನ ಅಲಾಯ್ ಹಾಕಿಸಬೇಕು?

ನಿಮ್ಮ ಇಸುಜು ವಿ-ಕ್ರಾಸ್ ಪಿಕಪ್‌ಗೆ ಎರಡು ಇಂಚು ಲಿಫ್ಟ್ ಆಗಿದೆ, ಅಂದರೆ ಸಸ್ಪೆನ್ಷನ್‌ನಲ್ಲಿ ಗಾಡಿಯನ್ನು ಅಷ್ಟು ಎತ್ತರಿಸಿದ್ದೀರಿ. 255/60 ತೆಗೆದು 265/65 ಆರ್18 ಟೈರ್ ಹಾಕಬೇಕು ಅಂತಿದ್ದೀರಿ. ಹಳೇ ಅಲಾಯ್ ಹಿಂದೆ ಇಟಿ 33 ಎಂದಿದೆ, ಅಂದರೆ ಆಫ್‌ಸೆಟ್ ಪ್ಲಸ್ 33 ಮಿ.ಮೀ. ಅಂಗಡಿಯವರು 9 ಇಂಚು ಅಗಲದ, ಮೈನಸ್ 12ರ ಸೆಟ್ ತೋರಿಸುತ್ತಿದ್ದಾರೆ, ತಗೊಳ್ಳಲಾ ಎಂದು ಕೇಳಿದ್ದೀರಿ. ಬೇಡ. 8 ಇಂಚಿನದು, ಪ್ಲಸ್ 20ರ ಆಸುಪಾಸಿನದು ಹುಡುಕಿ. ನಾನು ಮುಳಬಾಗಿಲು ಕಡೆಯವನು, ನನ್ನದೂ ಇದೇ ಗಾಡಿ, ಇಷ್ಟೇ ಲಿಫ್ಟ್.

ಲಿಫ್ಟ್ ಮಾಡಿಸಿದ ಮೇಲೆ ಯಾವ ಗಾಲಿ ಹಾಕಿದರೂ ಉಜ್ಜುವುದಿಲ್ಲ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಲಿಫ್ಟ್ ಕೊಡುವುದು ಮೇಲಿನ ಜಾಗ. ಆಫ್‌ಸೆಟ್ ಬದಲಾಯಿಸುವುದು ಅಕ್ಕಪಕ್ಕದ ಜಾಗ.

ಆಫ್‌ಸೆಟ್ ಅಂದರೆ ಗಾಲಿಯ ಅಗಲದ ನಟ್ಟನಡುವಿನಿಂದ ಹಬ್‌ಗೆ (ಗಾಲಿಯನ್ನು ಬಿಗಿಯುವ ಭಾಗಕ್ಕೆ) ಕೂರುವ ಮುಖದವರೆಗಿನ ದೂರ. ಆ ಮುಖ ಹೊರಬದಿಗೆ ಇದ್ದರೆ ಪ್ಲಸ್, ಗಾಲಿ ಒಳಗೆ ಸೇರಿಕೊಳ್ಳುತ್ತದೆ. ಒಳಬದಿಗೆ ಇದ್ದರೆ ಮೈನಸ್, ಗಾಲಿ ಆಚೆ ಚಾಚುತ್ತದೆ. ನಿಮ್ಮದೇ ಲೆಕ್ಕ ಹಾಕೋಣ. ಟೈರಿನ ಮೇಲಿನ ಮೊದಲ ಅಂಕಿ ಅದರ ಅಗಲ, ಹಾಗಾಗಿ ಈಗಿನ 255ರ ಟೈರಿನ ಅರ್ಧ ಅಗಲ 127.5 ಮಿ.ಮೀ. ಅದರಲ್ಲಿ 33 ಕಳೆದರೆ, ಹಬ್ ಮುಖದಿಂದ ಹೊರಕ್ಕೆ 94.5. ಹೊಸ ಟೈರಿನ ಅರ್ಧ 132.5. ಮೈನಸ್ 12ಕ್ಕೆ ಅದು 144.5 ಆಗುತ್ತದೆ. ಅಂದರೆ ಒಂದೊಂದು ಬದಿಗೂ 50 ಮಿ.ಮೀ., ಹತ್ತಿರ ಹತ್ತಿರ ಎರಡು ಇಂಚು ಆಚೆ! 9 ಇಂಚಿನ ರಿಮ್ಮಿಗೆ ಟೈರ್ ಇನ್ನೂ ಸ್ವಲ್ಪ ಅಗಲಿಸಿಕೊಳ್ಳುತ್ತದೆ. ಪ್ಲಸ್ 20 ಆದರೆ ಆಚೆ ಬರುವುದು 18 ಮಿ.ಮೀ. ಮಾತ್ರ. ಒಳಗಡೆಯೂ 8 ಮಿ.ಮೀ. ಜಾಗ ಸಿಗುತ್ತದೆ. ಟೈರಿಗೂ ಸಸ್ಪೆನ್ಷನ್‌ನ ಅಪ್ಪರ್ ಆರ್ಮ್‌ಗೂ ನಡುವೆ ಬೇಕಾಗುವುದು ಈ ಜಾಗವೇ. ಹಳೇ ಅಲಾಯ್‌ಗೇ 265 ಹಾಕಿಸಿದರೆ ಆ ಒಳಗಿನ ಜಾಗ ಈಗಿಗಿಂತ 5 ಮಿ.ಮೀ. ಕಡಿಮೆಯಾಗುತ್ತದೆ, ಟೈರ್ ಎತ್ತರವೂ ಜಾಸ್ತಿ ಅಲ್ವಾ, ಅದಕ್ಕೇ 33 ಇಟ್ಟುಕೊಳ್ಳಿ ಎನ್ನುತ್ತಿಲ್ಲ.

ಮೈನಸ್ 12ರಲ್ಲಿ ಅಷ್ಟು ಆಚೆ ಬಂದ ಗಾಲಿ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ದೊಡ್ಡ ಸುತ್ತು ಹಾಕುತ್ತದೆ. ಮುಂದಿನ ಆರ್ಚ್‌ನ (ಗಾಲಿಯ ಮೇಲಿನ ಬಾಡಿಯ ಕಮಾನಿನ) ಹಿಂತುದಿಗೆ, ಮಡ್‌ಫ್ಲ್ಯಾಪ್‌ಗೆ ತಾಗುತ್ತದೆ. ಗುಂಡಿಗೆ ಇಳಿದರೆ ಸ್ಟೇರಿಂಗ್ ಕೈಗೆ ಒದೆಯುತ್ತದೆ. ಬೇರಿಂಗ್ ಕಷ್ಟವಂತೂ ಬೇರೆಯೇ: ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಇಟ್ಟುಕೊಳ್ಳುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಅದು. ಗಾಲಿಗೂ ಹಬ್‌ಗೂ ನಡುವೆ ಸ್ಪೇಸರ್ ಬಿಲ್ಲೆ ಹಾಕಿಸಿದರೂ ಇದೇ ಕಥೆ, 30 ಮಿ.ಮೀ. ಸ್ಪೇಸರ್ ಅಂದರೆ ಆಫ್‌ಸೆಟ್ 30 ಕಡಿಮೆ ಮಾಡಿದ ಹಾಗೆ. ಮಳೆಗಾಲದಲ್ಲಿ ತೋಟದ ಕೆಂಪು ಮಣ್ಣೆಲ್ಲಾ ಬಾಗಿಲಿಗೆ ಎರಚುತ್ತದೆ, ಅದು ಸಣ್ಣ ವಿಷಯ ಬಿಡಿ.

ಅಂಗಡಿಯವರು ಖಾಲಿ ಗಾಡಿಗೆ ಹಾಕಿ, ಸಮತಟ್ಟಿನಲ್ಲಿ ನಿಲ್ಲಿಸಿ, ಚೆನ್ನಾಗಿದೆ ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಪಿಕಪ್ ಖಾಲಿ ಓಡುತ್ತದಾ? ಎಪಿಎಂಸಿಗೆ ಟೊಮೆಟೊ ಕ್ರೇಟು, ಬೇಸಿಗೆಯಲ್ಲಿ ಶ್ರೀನಿವಾಸಪುರಕ್ಕೆ ಮಾವು. ಭಾರ ಬಿದ್ದಾಗ ಹಿಂದಿನ ಲೀಫ್ ಸ್ಪ್ರಿಂಗ್ ಕೂರುತ್ತದೆ. ಆಚೆ ಚಾಚಿದ ಟೈರ್ ಆರ್ಚ್‌ನ ಅಂಚಿಗೆ ಸಿಗುವುದು ಆಗಲೇ. ಹಾಗಾಗಿ ದುಡ್ಡು ಕೊಡುವ ಮೊದಲು ನೀವೇ ಅಳೆಯಿರಿ. ದಾರಕ್ಕೆ ಒಂದು ನಟ್ಟು ಕಟ್ಟಿ ಆರ್ಚ್‌ನ ಅಂಚಿನಿಂದ ಇಳಿಬಿಡಿ. ದಾರದಿಂದ ಟೈರಿನ ಪಕ್ಕಕ್ಕೆ ಎಷ್ಟು ಮಿ.ಮೀ. ಇದೆ ನೋಡಿ, ನಾಲ್ಕೂ ಕಡೆ. 18ಕ್ಕಿಂತ ಕಡಿಮೆ ಇದ್ದರೆ ಪ್ಲಸ್ 25ಕ್ಕೆ ಹೋಗಿ. ಆಮೇಲೆ ಗಾಡಿಗೆ ಮಾಮೂಲಿ ಲೋಡ್ ಹಾಕಿ, ಒಂದು ಮುಂದಿನ ಗಾಲಿಯನ್ನು ದಿಬ್ಬಕ್ಕೆ ಹತ್ತಿಸಿ, ಸ್ಟೇರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿ. ಆರ್ಚ್‌ನ ಹಿಂತುದಿಗೆ ಸ್ವಲ್ಪ ತಾಗುತ್ತಿದ್ದರೆ ಅಲೈನ್‌ಮೆಂಟ್‌ನಲ್ಲಿ ಕ್ಯಾಸ್ಟರ್ (ಗಾಲಿ ತಿರುಗಿಸುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಹೆಚ್ಚಿಸಲು ಹೇಳಿ. ಲಿಫ್ಟ್ ಆದಾಗ ಕ್ಯಾಸ್ಟರ್ ಇಳಿದಿರುತ್ತದೆ. ಹೆಚ್ಚಿಸಿದರೆ ಗಾಲಿ ಕೊಂಚ ಮುಂದಕ್ಕೆ ಸರಿಯುತ್ತದೆ.

ಅಲಾಯ್ ಮೇಲೆ ಲೋಡ್ ರೇಟಿಂಗ್ ಅಚ್ಚಾಗಿದೆಯಾ ನೋಡಿ, ಕಾರಿನ ಗಾಲಿ ತಂದು ಪಿಕಪ್‌ಗೆ ಹಾಕಬೇಡಿ. ಆರು ಬೋಲ್ಟು, 139.7 ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ, ಮಿ.ಮೀ.ನಲ್ಲಿ) ಕೂಡಿಬಂದರೆ ಸಾಲದು, ಮಧ್ಯದ ತೂತು ಹಬ್‌ಗೆ ಸರಿಯಾಗಿ ಕೂರಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಕೂಡ ಇದೆ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಮಾರ್ಪಡಿಸುವುದನ್ನು ಅದು ತಡೆಯುತ್ತದೆ. ಲಿಫ್ಟ್ ಆಗಿಹೋಗಿದೆ, ಅದರ ಮೇಲೆ ಆರ್ಚ್‌ನಿಂದ ಆಚೆ ಚಾಚಿದ ಗಾಲಿಯನ್ನೂ ಸೇರಿಸಬೇಡಿ. ಹೊಸ ಟೈರ್ ಸುಮಾರು 5% ದೊಡ್ಡದು, ಆದ್ದರಿಂದ ಮೀಟರ್ ಮೊದಲು ಸರಿಯಾಗಿ ತೋರಿಸುತ್ತಿದ್ದರೆ, ಇನ್ನು ಮುಂದೆ ಅದು 60 ತೋರಿಸುವಾಗ ಗಾಡಿ 63ರ ಹತ್ತಿರ ಓಡುತ್ತಿರುತ್ತದೆ. ಹಾಕಿಸಿದ ಮೇಲೆ ನೂರು ಕಿ.ಮೀ. ಓಡಿಸಿ, ನಟ್ಟುಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೊಮ್ಮೆ ಬಿಗಿ ಮಾಡಿಸಿ.