ಆಂಬ್ಯುಲೆನ್ಸಿನ ಹಿಂದೆ ಕೂರುವವರಿಗೆ ಮೊದಲು ಕಲಿಸಿ

ಕಾಸರಗೋಡಿನ ಮುಳ್ಳೇರಿಯಾ ಕಡೆಯ ನಿಮ್ಮ ಕ್ಲಬ್ಬಿಗೆ ಒಂದು ಹಳೆಯ ಆಂಬ್ಯುಲೆನ್ಸ್ ದಾನವಾಗಿ ಬಂದಿದೆ, ಓಡಿಸಲು 6 ಹುಡುಗರಿದ್ದಾರೆ, ತರಬೇತಿಗೆ ದುಡ್ಡಿಲ್ಲ, ಡಾಕ್ಟರೂ ಸಿಗುವುದಿಲ್ಲ, ಇವರಿಗೆ ಏನು ಕಲಿಸಲಿ ಎಂದು ಕೇಳಿದ್ದೀರಿ. ನಾನು ಮಂಗಳೂರಿನ ಒಂದು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ 11 ವರ್ಷ ನರ್ಸ್ ಆಗಿದ್ದೆ. ಈಗ ಬದಿಯಡ್ಕದ ಹತ್ತಿರ ಮನೆ. 4 ವರ್ಷದಿಂದ ಸುತ್ತಲಿನ ಆಂಬ್ಯುಲೆನ್ಸ್ ಹುಡುಗರಿಗೆ ಭಾನುವಾರ ಕಲಿಸುತ್ತಿದ್ದೇನೆ.

ನಿಮ್ಮ ಗಾಡಿ ಹೊರಟಾಗ ಹಿಂದೆ ರೋಗಿಯ ಪಕ್ಕ ಯಾರು ಕೂರುತ್ತಾರೆ? ನಮ್ಮ ಕಡೆ ಹೆಚ್ಚಾಗಿ ಮನೆಯವರೇ. ಮುಂದೆ ಡ್ರೈವರ್ ಒಬ್ಬನೇ. ದೊಡ್ಡ ಕಾಯಿಲೆ ಅಂದರೆ ನಮಗೆ ಮಂಗಳೂರೇ ಗತಿ, ಅಲ್ವಾ? 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನಿಗೆ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಅದು ಎಲ್ಲರಿಗೂ ಗೊತ್ತಾಯಿತು. ಗಡಿ ತೆರೆದಿದ್ದರೂ ಒಂದು ಗಂಟೆಗೆ ಮೇಲೆ ದಾರಿ. ಅಷ್ಟು ಹೊತ್ತು ರೋಗಿಯನ್ನು ನೋಡಿಕೊಳ್ಳುವವರು ಯಾರೂ ಇರುವುದಿಲ್ಲ.

ನಾನು ಕ್ಯಾಶುವಾಲ್ಟಿಯಲ್ಲಿದ್ದಾಗ ಒಂದು ರಾತ್ರಿ ಸ್ಕೂಟರಿನಿಂದ ಬಿದ್ದ ಹುಡುಗನನ್ನು ತಂದರು. ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿತ್ತು. ಡ್ರೈವರ್ ಎಲ್ಲೂ ನಿಲ್ಲಿಸದೆ ಬಂದಿದ್ದ. ಹಿಂದೆ ಅಣ್ಣ, ಮಾವ ಇಬ್ಬರೂ ಕೈ ಹಿಡಿದುಕೊಂಡು ಕೂತಿದ್ದರು. ದಾರಿಯಲ್ಲಿ ವಾಂತಿಯಾಗಿದೆ. ಅಂಗಾತ ಮಲಗಿಸಿದ್ದರಿಂದ ಅದು ಗಂಟಲಲ್ಲೇ ನಿಂತಿದೆ. ನಾವು ಸ್ಟ್ರೆಚರ್ ಇಳಿಸುವಾಗ ಮೈ ಬಿಸಿ ಇತ್ತು, ಉಸಿರು ಇರಲಿಲ್ಲ. "ಅಕ್ಕ, ನಾನು ಎಷ್ಟು ಬೇಗ ಬಂದೆ ಗೊತ್ತುಂಟಾ" ಎಂದು ಡ್ರೈವರ್ ಗೋಡೆಗೆ ಒರಗಿ ಅತ್ತ. ಅವನ ತಪ್ಪೇನೂ ಇರಲಿಲ್ಲ. ಮಗ್ಗುಲಿಗೆ ಮಲಗಿಸಬೇಕು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ನಾನು ಕಲಿಸಲು ಶುರು ಮಾಡಿದ್ದು ಅವನಿಂದ.

ಹಾಗಾಗಿ ಮೊದಲ ಪಾಠ ಇದೇ ಇರಲಿ. ಪ್ರಜ್ಞೆ ಇಲ್ಲ, ಉಸಿರು ಇದೆ ಎಂದರೆ ಮಗ್ಗುಲಿಗೆ ಹೊರಳಿಸಬೇಕು. ಬಿದ್ದು ಪೆಟ್ಟಾದವರಾದರೆ ಒಬ್ಬ ತಲೆ ಹಿಡಿಯಬೇಕು, ಉಳಿದವರು ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿರುವಂತೆ ಮರದ ದಿಮ್ಮಿ ಉರುಳಿಸಿದ ಹಾಗೆ ಒಟ್ಟಿಗೆ ಹೊರಳಿಸಬೇಕು. ಅಡಿಕೆ ಮರದಿಂದ ಬಿದ್ದವರನ್ನು ಕಂಕುಳಿಗೆ ಒಬ್ಬ, ಕಾಲಿಗೆ ಒಬ್ಬ ಕೈ ಹಾಕಿ ಎತ್ತುವುದನ್ನು ನಿಮ್ಮ ಹುಡುಗರೂ ಮಾಡಿರುತ್ತಾರೆ. ಬೆನ್ನು ಮುರಿದಿದ್ದರೆ ಆ ಎತ್ತುವಿಕೆಯಿಂದಲೇ ಕಾಲಿನ ಬಲ ಹೋಗಬಹುದು. ಒಬ್ಬನನ್ನು ನೆಲದಲ್ಲಿ ಮಲಗಿಸಿ 20 ಸಲ ಹೊರಳಿಸಿ ಅಭ್ಯಾಸ ಮಾಡಿಸಿ.

ಆಮೇಲೆ ಸಿಪಿಆರ್, ಅಂದರೆ ಉಸಿರು ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದು. ಬೊಂಬೆ ಇಲ್ಲ ಎಂದು ನಿಲ್ಲಿಸಬೇಡಿ. 2 ಲೀಟರಿನ ಖಾಲಿ ಸೋಡಾ ಬಾಟಲಿಗೆ ಮುಚ್ಚಳ ಬಿಗಿದು, ಮೇಲೆ ಬೈರಾಸು (ಟವೆಲ್) ಸುತ್ತಿ, ಹಳೆಯ ಅಂಗಿಯೊಳಗೆ ಇಡಿ. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಏಳುತ್ತದೆ. ದೊಡ್ಡವರಿಗೆ ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ತಗ್ಗಬೇಕು, ನಿಮಿಷಕ್ಕೆ 100ರಿಂದ 120 ಸಲ. 30 ಸಲ ಒತ್ತಿ, 2 ಸಲ ಅಂಬು ಬ್ಯಾಗಿನಿಂದ (ಕೈಯಲ್ಲಿ ಒತ್ತಿ ಬಾಯಿ ಮೂಗಿಗೆ ಗಾಳಿ ಕೊಡುವ ರಬ್ಬರ್ ಚೀಲ) ಉಸಿರು. ಲೆಕ್ಕ ತಪ್ಪುವುದು ಎಲ್ಲರಿಗೂ ಇದ್ದದ್ದೇ. ನಮ್ಮ ಹುಡುಗರಲ್ಲಿ ಇಬ್ಬರು ಭಜನಾ ಮಂದಿರದಲ್ಲಿ ತಾಳ ಹಾಕುವವರು. ಫೋನಿನ ಮೆಟ್ರೊನೋಮನ್ನು (ಒಂದೇ ವೇಗದಲ್ಲಿ ಟಿಕ್ ಟಿಕ್ ಎನ್ನುವ ಆ್ಯಪ್) ನಿಮಿಷಕ್ಕೆ 110ಕ್ಕೆ ಇಟ್ಟು, ಅವರು ತಾಳ ಹಾಕಿದರು, ಉಳಿದವರು ಒತ್ತಿದರು. ಈಗ ಯಾರಿಗೂ ತಪ್ಪುವುದಿಲ್ಲ. 2 ನಿಮಿಷಕ್ಕೊಮ್ಮೆ ಒತ್ತುವವನನ್ನು ಬದಲಾಯಿಸಲೇಬೇಕು, ಸುಸ್ತಾದ ಕೈ ಆಳಕ್ಕೆ ಒತ್ತುವುದಿಲ್ಲ. ಮೆತ್ತನೆಯ ಹಾಸಿಗೆ ಮೇಲೆ ಒತ್ತಿ ಪ್ರಯೋಜನ ಇಲ್ಲ, ನೆಲಕ್ಕೆ ಇಳಿಸಿ. ಉಸಿರು ನಿಂತು 4ರಿಂದ 6 ನಿಮಿಷದಲ್ಲಿ ಮೆದುಳಿಗೆ ಹಾನಿ ಶುರುವಾಗುತ್ತದೆ. ಎತ್ತಿ ಗಾಡಿಗೆ ಹಾಕಿ ಓಡಿಸುವುದಕ್ಕಿಂತ, ಮೊದಲು ಸಿಕ್ಕಿದ ಜಾಗದಲ್ಲೇ ಒತ್ತಲು ಶುರು ಮಾಡಲಿ.

ರಕ್ತ ಸುರಿಯುತ್ತಿದ್ದರೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯುವುದು. ಪದೇ ಪದೇ ತೆಗೆದು ನೋಡಬಾರದು. ಇದು ಹತ್ತು ನಿಮಿಷದ ಪಾಠ.

ಹಾವಿನ ವಿಷಯಕ್ಕೆ ಮಾತ್ರ ಒಂದು ಭಾನುವಾರ ಪೂರ್ತಿ ಕೊಡಿ. ಇಲ್ಲಿ ಕಲಿಸುವುದಕ್ಕಿಂತ ಬಿಡಿಸುವುದೇ ಜಾಸ್ತಿ. ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು, ಮದ್ದು ಅರೆದು ಹಚ್ಚುವುದು, ಎಲ್ಲವೂ ಬೇಡ. ಕಚ್ಚಿದ ಕಾಲನ್ನು ಮುರಿದ ಕಾಲಿನ ಹಾಗೆಯೇ ಅಡಿಕೆ ಮರದ ಸಲಾಕೆ (ಸೀಳಿದ ಪಟ್ಟಿ) ಇಟ್ಟು ಬೈರಾಸಿನಿಂದ ಸಡಿಲವಾಗಿ ಕಟ್ಟಿ, ಅಲ್ಲಾಡದಂತೆ ಮಾಡಿ. ರೋಗಿ ನಡೆಯಬಾರದು. ಉಂಗುರ, ಬಳೆ, ಕಾಲುಗೆಜ್ಜೆ ತೆಗೆಯಿರಿ. ಕಡಂಬಳ (ಕಟ್ಟು ಹಾವು) ಹೆಚ್ಚಾಗಿ ರಾತ್ರಿ ಮಲಗಿದಲ್ಲಿ ಕಚ್ಚುತ್ತದೆ, ನೋವೂ ಬಾವೂ ಅಷ್ಟಾಗಿ ಇರುವುದಿಲ್ಲ. ರೆಪ್ಪೆ ಜೋಲತೊಡಗಿದರೆ ಸ್ವಲ್ಪ ಹೊತ್ತಿನಲ್ಲಿ ಉಸಿರು ನಿಲ್ಲಬಹುದು ಎಂದು ಹಿಂದೆ ಕೂತವನಿಗೆ ಗೊತ್ತಿರಬೇಕು. ಆಗ ಆಸ್ಪತ್ರೆ ಮುಟ್ಟುವ ತನಕ ಅಂಬು ಬ್ಯಾಗ್ ಒತ್ತುತ್ತಾ ಬಂದರೆ ಮನುಷ್ಯ ಬದುಕಬಹುದು. ಹೊರಡುವ ಮೊದಲೇ ಫೋನ್ ಮಾಡಿ, ಹಾವಿನ ವಿಷ ಇಳಿಸುವ ಇಂಜೆಕ್ಷನ್ ಮತ್ತು ವೆಂಟಿಲೇಟರ್ (ಉಸಿರಾಟದ ಯಂತ್ರ) ಎರಡೂ ಉಂಟಾ ಎಂದು ಕೇಳಿಕೊಳ್ಳಲಿ.

ಇಂಜೆಕ್ಷನ್, ಡ್ರಿಪ್ ಕಲಿಸಿ ಎಂದು ಹುಡುಗರು ಕೇಳುತ್ತಾರೆ. ಕಲಿಸಬೇಡಿ. ಅದಕ್ಕೆ ಕಲಿತವರು ಬೇಕು.

ಹತ್ತನೇ ಕ್ಲಾಸು ಪಾಸಾಗದವರಿಗೆ ಇದೆಲ್ಲ ಹತ್ತುತ್ತದಾ ಎಂದು ನಿಮ್ಮ ಕಮಿಟಿಯವರು ಹೇಳಿದ್ದಾರಂತೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಹಿಲ್ ಡಿಸ್ಟ್ರಿಕ್ಟ್ ಎಂಬ ಬಡ ಕರಿಯರ ಕೇರಿ ಇದೆ. ಅಲ್ಲಿ ರೋಗಿಗಳನ್ನು ಪೊಲೀಸ್ ವ್ಯಾನಿನಲ್ಲಿ ಹಾಕಿಕೊಂಡು ಹೋಗುತ್ತಿದ್ದರು, ಹಿಂದೆ ನೋಡುವವರಿಲ್ಲ. 1967ರಲ್ಲಿ ಫ್ರೀಡಂ ಹೌಸ್ ಎಂಬ ಆಂಬ್ಯುಲೆನ್ಸ್ ಸೇವೆ ಶುರುವಾಯಿತು. ಸಿಪಿಆರ್ ರೂಪಿಸಿದವರಲ್ಲಿ ಒಬ್ಬರಾದ ಡಾಕ್ಟರ್ ಪೀಟರ್ ಸಫರ್ ಅದೇ ಕೇರಿಯ ಕೆಲಸವಿಲ್ಲದ ಯುವಕರಿಗೆ ಕಲಿಸಿದರು. ಹೈಸ್ಕೂಲು ಮುಗಿಸದವರೂ ಅವರಲ್ಲಿದ್ದರು. ಇಂದಿನ ಪ್ಯಾರಾಮೆಡಿಕ್ ಕೆಲಸಕ್ಕೆ ದಾರಿ ಹಾಕಿದವರಲ್ಲಿ ಅವರು ಮೊದಲಿಗರು. ಕಮಿಟಿಗೆ ಇದನ್ನು ಹೇಳಿ.

ನಮ್ಮಲ್ಲಿ ಭಾಷೆಯದ್ದೂ ಒಂದು ಕಷ್ಟ. ಸಿಗುವ ಪುಸ್ತಕ ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ. ನಾನು ತುಳುವಿನಲ್ಲಿ ಹೇಳುತ್ತೇನೆ, ಕನ್ನಡದಲ್ಲಿ ಬರೆಸುತ್ತೇನೆ. ಗಾಡಿಯಲ್ಲಿ ಒಂದು ಚೀಟಿ ಪುಸ್ತಕ ಇರಲಿ. ಘಟನೆ ನಡೆದ ಹೊತ್ತು, ಪ್ರಜ್ಞೆ ಹೋದ ಹೊತ್ತು, ತೆಗೆದುಕೊಳ್ಳುವ ಮಾತ್ರೆ, ನಾವು ಮಾಡಿದ್ದು, ಇಷ್ಟೇ. ಕೈಕಾಲು ಬಿದ್ದು ಬಾಯಿ ಸೊಟ್ಟಗಾದವರಲ್ಲಿ, ಅಂದರೆ ಸ್ಟ್ರೋಕ್ ಆದವರಲ್ಲಿ, "ಕೊನೆಗೆ ಸರಿ ಇದ್ದದ್ದು ಎಷ್ಟು ಗಂಟೆಗೆ" ಎಂದು ಬರೆಯಲೇಬೇಕು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಅಲ್ಲಿಂದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕ್ಯಾಶುವಾಲ್ಟಿಯಲ್ಲಿ ಇಂಥ ಒಂದು ಚೀಟಿಗಾಗಿ ನಾನು ಎಷ್ಟು ಸಲ ಪರದಾಡಿದ್ದೇನೆ.

ಒಮ್ಮೆ ಕಲಿಸಿ ಬಿಟ್ಟರೆ ಕೆಲವೇ ತಿಂಗಳಲ್ಲಿ ಕೈ ಮರೆಯುತ್ತದೆ. 3 ತಿಂಗಳಿಗೊಮ್ಮೆ ಅರ್ಧ ದಿನ ಮತ್ತೆ ಮಾಡಿಸಿ. ಪ್ರತಿ ಪ್ರಯಾಣಕ್ಕೂ ಇಬ್ಬರು ಹೋಗಬೇಕು ಎಂದು ಕ್ಲಬ್ಬಿನಲ್ಲಿ ಈಗಲೇ ತೀರ್ಮಾನ ಮಾಡಿ. ಮಳೆಗಾಲ ಶುರುವಾಗುವ ಮೊದಲಿನ ಭಾನುವಾರಗಳು ನನಗೆ ಬಿಡುವು. ಆರೂ ಜನರನ್ನು ಒಟ್ಟಿಗೆ ಸೇರಿಸಿ, ಬಾಟಲಿ, ಬೈರಾಸು, ಸಲಾಕೆ ತಯಾರಿಡಿ. ನಾನು ಬರುತ್ತೇನೆ.